ಸುಗ್ಗಿ ಹಬ್ಬದ ಹುಂಜ

ಆಗ ನನಗೆ ನಲವತ್ತಾರು. ಇದು ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಹಲಸೂರು ಕೆರೆಯ ಹಿಂದೆ ಒಂದು ಓಣಿಯಲ್ಲಿ ನಮ್ಮ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಮನೆಗೆ ಸೇರಿ ಹೊರಗೊಂದು ನಲ್ಲಿ. ನಾನು, ನಮ್ಮ ಯಜಮಾನರು, ಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಯಜಮಾನರು ಕೆ.ಆರ್. ಪುರದ ಕಡೆ ಒಂದು ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಆ ವರ್ಷದ ಬೇಸಿಗೆಯಲ್ಲಿ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು.

ಮೊದಲು ಕೆಲಸಗಾರರೆಲ್ಲ ಗೇಟಿನ ಮುಂದೆ ಶಾಮಿಯಾನ ಹಾಕಿಕೊಂಡು ಕೂತರು. ನಾಳೆ ತೆಗೆಯುತ್ತಾರೆ, ಸೋಮವಾರ ತೆಗೆಯುತ್ತಾರೆ ಎಂದು ಮಾತು. ಒಂದು ದಿನ ಶಾಮಿಯಾನದವನು ಬಂದು, ಬಾಡಿಗೆ ಬಂದಿಲ್ಲವೆಂದು ಬಟ್ಟೆ ಬಿಚ್ಚಿ, ಗಳು ಕಿತ್ತುಕೊಂಡು ಹೋದ. ಅವತ್ತು ಮನೆಗೆ ಬಂದು ಚಪ್ಪಲಿ ಬಿಟ್ಟ ಯಜಮಾನರು ಮತ್ತೆ ಆ ಕಡೆ ಹೋಗಲಿಲ್ಲ.

ಮನೆಯಲ್ಲಿ ಮೊದಲು ಹಾಲು ನಿಂತಿತು. ಆಮೇಲೆ ಗ್ಯಾಸು ಹೋಗಿ ಸೀಮೆಎಣ್ಣೆ ಸ್ಟವ್ ಬಂತು. ಪಕ್ಕದ ಮನೆಯ ಸಾಬರ ಹೆಂಗಸು ನನಗೆ ಕೆಲಸ ಕೊಡಿಸಿದಳು. ಅವಳ ತಮ್ಮ ಪುಲಿಕೇಶಿನಗರದ ಮಸೀದಿ ರಸ್ತೆಯ ಒಂದು ಹೋಟೆಲಿನಲ್ಲಿ ಅಡುಗೆಗೆ ಇದ್ದ. ಅಲ್ಲಿಂದ ಬೆಳ್ಳುಳ್ಳಿ ಮೂಟೆ ತಂದು ಸುಲಿದು ಕೊಡುವುದು. ಸುಲಿಯಲು ಕಷ್ಟವೇನೂ ಇಲ್ಲ, ಆದರೆ ಉಗುರಿನ ಸಂದಿ ಉರಿಯುತ್ತದೆ. ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ. ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಕೈ ಚಾಚಿದರೆ ಪಾದ್ರಿ ಅಯ್ಯನವರು ಅಂಗೈಯಲ್ಲಿ ಇಟ್ಟ ರೊಟ್ಟಿಯ ಚೂರಿಗೂ ಬೆಳ್ಳುಳ್ಳಿ ವಾಸನೆ ಹತ್ತುತ್ತಿತ್ತು. ಹಾಗೇ ತಿಂದೆ.

ಯಜಮಾನರು ಭಾನುವಾರ ಬರುವುದನ್ನು ಮಳೆಗಾಲದಲ್ಲಿ ಬಿಟ್ಟರು. ಕಾರಣ ಕಾಣಿಕೆ ಚೀಲ. ನಮ್ಮ ದೇವಾಲಯದಲ್ಲಿ ಕಾಣಿಕೆ ಎತ್ತುವುದಕ್ಕೆ ತಟ್ಟೆ ಇಲ್ಲ, ಉದ್ದ ಹಿಡಿಯ ಮಖಮಲ್ ಚೀಲ. ಎಷ್ಟು ಹಾಕಿದರು ಎಂದು ಪಕ್ಕದವರಿಗೆ ಕಾಣದು. ಖಾಲಿ ಮುಷ್ಟಿಯನ್ನು ಒಳಗೆ ಬಿಟ್ಟು ಬೆರಳು ಬಿಡಿಸಿ ತೆಗೆದರೆ ಆಯಿತು. ನಾನು ಹಾಗೇ ಮಾಡುತ್ತಿದ್ದೆ. ನನಗೆ ಅದರಲ್ಲಿ ನಾಚಿಕೆಯೇನೂ ಆಗಲಿಲ್ಲ. ನನ್ನ ಹತ್ತಿರ ಇಲ್ಲ ಎನ್ನುವುದು ದೇವರಿಗೆ ಗೊತ್ತು, ಮಿಕ್ಕವರಿಗೆ ಯಾಕೆ ಗೊತ್ತಾಗಬೇಕು? ಯಜಮಾನರಿಗೆ ಅದು ಆಗಲಿಲ್ಲ. ಚೀಲ ಎರಡು ಸಾಲು ಹಿಂದೆ ಇರುವಾಗಲೇ ಬೆವರುತ್ತಿದ್ದರು. ಒಂದು ಭಾನುವಾರ ಚೀಲ ಬರುವ ಮುಂಚೆ ಎದ್ದು ಹೊರಗೆ ಹೋಗಿ ಹುಣಸೆಮರದ ಕೆಳಗೆ ನಿಂತರು. ಮುಂದಿನ ವಾರ ಮನೆಯಿಂದಲೇ ಹೊರಡಲಿಲ್ಲ.

ಅಯ್ಯನವರು ಮನೆಗೆ ಬಂದು, ಎಲ್ಲ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆ ಹೇಳಿದರು. ನಾನು ಮೂರನೆಯ ಕ್ಲಾಸಿನ ತನಕ ಕಲಿತವಳು. ಬೆರಳಿಟ್ಟುಕೊಂಡು ಓದಿದರೂ ಓದಿದ್ದೇನೆ. ಯೋಬನಿಗೆ ಕೊನೆಗೆ ಎಲ್ಲ ಎರಡರಷ್ಟು ವಾಪಸ್ ಬಂತು. ಅವನ ಹೆಂಡತಿಗೆ ಏನು ಬಂತೆಂದು ಬರೆದಿಲ್ಲ. ಕಮ್ಮನಹಳ್ಳಿಯ ಕಡೆ ಆಗ ಹೊಸದಾಗಿ ಶುರುವಾಗಿದ್ದ ಒಂದು ಪ್ರಾರ್ಥನಾ ಹಾಲಿಗೆ ಹೋಗುತ್ತಿದ್ದ ಹೆಂಗಸೊಬ್ಬಳು ನಲ್ಲಿಯ ಹತ್ತಿರ ನಿಂತು, "ನಿಮ್ಮ ಮನೇಲಿ ವಿಶ್ವಾಸ ಕಮ್ಮಿ ಸಿಸ್ಟರ್, ಅದಕ್ಕೇ ಕೆಲ್ಸ ಹೋಗಿರೋದು," ಎಂದಳು.

"ಕಾರ್ಖಾನೆಯಲ್ಲಿ ಇದ್ದೋರೆಲ್ಲರದೂ ಒಂದೇ ದಿನ ಕಮ್ಮಿ ಆಯ್ತಾ?" ಎಂದು ಕೇಳಿದೆ. ಅವಳು ಕೊಡ ತುಂಬುವ ಮುಂಚೆಯೇ ಎತ್ತಿಕೊಂಡು ಹೋದಳು.

ನಾನು ದೇವರ ಹತ್ತಿರ ಕೆಲಸ ಕೇಳಲಿಲ್ಲ. ಕೇಳಿ ಸಾಕಾಗಿತ್ತು. ಕೇಳಿದ್ದು ಒಂದೇ. ಈ ಮನುಷ್ಯ ಮತ್ತೆ ಆಲಯಕ್ಕೆ ಬರಬೇಕು. ಮಾತಾಡಬೇಕು. ಮನೆಯಲ್ಲಿ ಅವರು ಮಾತೇ ಬಿಟ್ಟಿದ್ದರು. ಅನ್ನ ಹಾಕಿದರೆ ತಿನ್ನುತ್ತಿದ್ದರು, ಹಾಕದಿದ್ದರೆ ಕೇಳುತ್ತಿರಲಿಲ್ಲ. ದೊಡ್ಡ ಗಂಟಲಿನ ಮನುಷ್ಯ ಅವರು. ಕಾರ್ಖಾನೆಯ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಬಂದ ಗಂಟಲು. ಅದು ಸುಮ್ಮನಾದರೆ ಮನೆಯಲ್ಲಿ ಹೆಣ ಇಟ್ಟುಕೊಂಡ ಹಾಗೆ.

ನಮ್ಮಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ. ಬೆಳೆ ಬೆಳೆಯುವವರು ನಮ್ಮ ಸಭೆಯಲ್ಲಿ ಈಗ ಯಾರೂ ಇಲ್ಲ, ಆದರೂ ಹಬ್ಬ ಬಿಟ್ಟಿಲ್ಲ. ಅವರವರ ಕೈಲಾದದ್ದನ್ನು ತಂದು ವೇದಿಯ ಮುಂದೆ ಇಡಬೇಕು. ಕುಂಬಳಕಾಯಿ, ಬಾಳೆಗೊನೆ, ಮೊಟ್ಟೆ, ಕೇಕು, ಕಬ್ಬು, ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದನ್ನೆಲ್ಲ ಹರಾಜು ಹಾಕಿ ಬಂದ ದುಡ್ಡು ಸಭೆಗೆ. ಹದಿನಾರು ವರ್ಷದಿಂದ ಹರಾಜು ಕೂಗುತ್ತಿದ್ದವರು ನಮ್ಮ ಯಜಮಾನರು. ಅವರು ಕೂಗಿದರೆ ಎರಡು ರೂಪಾಯಿಯ ನಿಂಬೆಹಣ್ಣು ಇಪ್ಪತ್ತಕ್ಕೆ ಹೋಗುತ್ತಿತ್ತು. ಜನ ನಗುತ್ತ ನಗುತ್ತ ಕೈ ಎತ್ತಿಬಿಡುತ್ತಿದ್ದರು.

ಅವರದು ಒಂದು ವರಸೆ ಇತ್ತು. ದಿನದ ದೊಡ್ಡ ವಸ್ತು ಬಂದಾಗ, ಯಾರೂ ಬಾಯಿ ತೆಗೆಯುವ ಮುಂಚೆ, "ನಮ್ಮ ಹೋಂ ಮಿನಿಸ್ಟರು ಇಷ್ಟು ಅಂತಿದಾರೆ! ಅವರ ಬಾಯಿ ಮುಚ್ಚಿಸೋ ಗಂಡಸು ಯಾರಾದ್ರೂ ಇದಾರಾ?" ಎಂದು ಕೂಗುವುದು. ನಾನು ಕೂಗಿರುತ್ತಿರಲಿಲ್ಲ. ಹೆಂಗಸರ ಸಾಲಿನಲ್ಲಿ ಸೆರಗು ಹೊದ್ದು ಸುಮ್ಮನೆ ಕೂತಿರುತ್ತಿದ್ದೆ. ಎಲ್ಲರಿಗೂ ಅದು ಗೊತ್ತು. ಎಲ್ಲರೂ ನನ್ನ ಕಡೆ ತಿರುಗಿ ನಗುವುದು, ಯಾರೋ ಒಬ್ಬರು ಅದರ ಮೇಲೆ ಹತ್ತು ಸೇರಿಸಿ ಕೂಗುವುದು, ಅಲ್ಲಿಂದ ಹರಾಜು ಓಡುವುದು. ಹದಿನಾರು ವರ್ಷದಲ್ಲಿ ಒಂದು ಸಲವೂ ಆ ಮಾತು ನಮ್ಮ ಮೇಲೆ ನಿಂತಿರಲಿಲ್ಲ.

ಆ ವರ್ಷ ಸಭೆಯ ಕಾರ್ಯದರ್ಶಿ ಹಬ್ಬದ ಹಿಂದಿನ ದಿನ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆ. "ಅಣ್ಣ, ನೀವಿಲ್ದೆ ಹರಾಜು ಹೇಗ್ ನಡೀತದೆ? ಹುಡುಗ್ರು ಕೂಗಿದ್ರೆ ಬಸ್ ಕಂಡಕ್ಟರ್ ಥರ ಇರ್ತದೆ."

ಯಜಮಾನರು ಗೋಡೆ ನೋಡುತ್ತ, "ಈ ಸಲ ಬೇಡಪ್ಪ," ಎಂದರು.

ಕಾರ್ಯದರ್ಶಿ ಹೋದ ಮೇಲೆ ನಾನು ಬಿಡಲಿಲ್ಲ. "ಕಾಣಿಕೆ ಚೀಲದ ಹೊತ್ತಿಗೆ ನೀವು ಹೊರಗೇ ಇರಿ. ಹರಾಜಿನ ಹೊತ್ತಿಗೆ ಅಂಗಳಕ್ಕೆ ಬನ್ನಿ. ಅಲ್ಲಿ ನೀವು ಕೊಡೋದೇನೂ ಇಲ್ಲ, ಬೇರೆಯವರ ಜೇಬಿಂದ ಕೀಳೋದು ತಾನೆ."

ಅವರು ಮೂಗಿನಲ್ಲಿ ಸ್ವಲ್ಪ ನಕ್ಕರು. ತಿಂಗಳುಗಳಾದ ಮೇಲೆ ಮೊದಲನೆಯ ನಗು. "ಶರ್ಟು ಇಸ್ತ್ರಿ ಇದ್ಯಾ?" ಎಂದರು. ಪಕ್ಕದ ಮನೆಯ ಒಲೆಯಿಂದ ಕೆಂಡ ತಂದು ತಂಬಿಗೆಗೆ ಹಾಕಿ ತಿಕ್ಕಿಕೊಟ್ಟೆ.

ಭಾನುವಾರ ಬಂದರು. ಗೇಟಿನ ಹತ್ತಿರ ಎಲ್ಲರೂ ಕೈ ಹಿಡಿದು ಮಾತಾಡಿಸಿದರು. ಆರಾಧನೆ ಮುಗಿದು ಹರಾಜು ಶುರುವಾಯಿತು. ಮೊದಲನೆಯ ಪಪ್ಪಾಯಿಗೆ ಅವರ ಗಂಟಲು ಕಟ್ಟಿಕೊಂಡ ಹಾಗಿತ್ತು. ಎರಡನೆಯದಕ್ಕೆ ಬಿಟ್ಟುಕೊಂಡಿತು. "ಇದು ಪಪ್ಪಾಯಿ ಅಂದ್ಕೊಂಡ್ರಾ? ಏದೆನ್ ತೋಟದಿಂದ ಗೋಡೆ ಹಾರ್ಕೊಂಡು ಬಂದಿರೋದು! ಹವ್ವಮ್ಮ ಇದನ್ನ ನೋಡಿದ್ರೆ ಆ ಹಣ್ಣು ಮುಟ್ತಾನೇ ಇರ್ಲಿಲ್ಲ!" ಜನ ನಕ್ಕರು. ಜೀವನ್ ಬಿಮಾ ನಗರದಿಂದ ಸ್ಕೂಟರಿನಲ್ಲಿ ಬರುವ ಒಬ್ಬ ದಪ್ಪ ಆಫೀಸರು ಇದ್ದರು. ಅವರನ್ನು ಹಿಡಿದು, "ಸಾರ್, ಊರವರ ಜೀವಕ್ಕೆಲ್ಲ ವಿಮೆ ಮಾಡ್ಸಿದ್ರಿ, ನಿಮ್ಮ ಹೊಟ್ಟೆಗೆ ಯಾವಾಗ? ಎತ್ತಿ ಕೈ, ಈ ಕುಂಬ್ಳಕಾಯಿ ನಿಮಗೇ ಹುಟ್ಟಿರೋದು!" ಎಂದರು. ಆಫೀಸರು ಹೊಟ್ಟೆ ಹಿಡಿದುಕೊಂಡು ನಗುತ್ತ ಕೈ ಎತ್ತಿದರು. ನಮ್ಮ ಚಿಕ್ಕವಳು ನನ್ನ ತೊಡೆ ಚಿವುಟಿ, "ಅಮ್ಮಾ, ಅಪ್ಪ ಸರಿ ಹೋದ್ರು," ಎಂದಳು. ನಾನೂ ಹಾಗೇ ಅಂದುಕೊಂಡೆ. ಕೇಳಿದ್ದನ್ನು ದೇವರು ಕೊಟ್ಟ ಎಂದುಕೊಂಡೆ.

ಆಮೇಲೆ ಹುಂಜ ಬಂತು. ಕೆ.ಆರ್. ಪುರದ ಆಚೆಯ ಒಂದು ಸಂಸಾರ ತಂದದ್ದು. ಕೆಂಪು ನಾಟಿ ಹುಂಜ, ಬಾಲ ಹಸಿರಿಗೆ ಹೊಳೆಯುತ್ತಿತ್ತು, ಎರಡು ಕೈಯಲ್ಲಿ ಹಿಡಿದರೂ ಒದೆಯುತ್ತಿತ್ತು. ದಿನದ ದೊಡ್ಡ ವಸ್ತು ಅದೇ. ಯಜಮಾನರು ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ನನ್ನ ಕಡೆ ಕೈ ತೋರಿಸಿ, ತುಂಬು ಗಂಟಲಲ್ಲಿ ಕೂಗಿದರು. "ನಮ್ಮ ಹೋಂ ಮಿನಿಸ್ಟರು ನೂರು ಅಂತಿದಾರೆ! ಅವರ ಬಾಯಿ ಮುಚ್ಚಿಸೋ ಗಂಡಸು ಯಾರಾದ್ರೂ ಇದಾರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಯಾರೂ ನಗಲಿಲ್ಲ.

ನನಗೆ ತಕ್ಷಣ ಅರ್ಥವಾಯಿತು. ಯಜಮಾನರಿಗೆ ಆಗಲಿಲ್ಲ, ಮುಂದೆ ನಿಂತು ಕೂಗುವವರಿಗೆ ಮುಖಗಳು ಬೇರೆ ಥರ ಕಾಣುತ್ತವೆ. "ನೂರಾ ಹತ್ತು ಯಾರು? ಸಾರ್? ಹೊಟ್ಟೆ ವಿಮೆ?" ಎಂದರು. ಆಫೀಸರು ಮೆಲ್ಲಗೆ ತಲೆ ಆಡಿಸಿ, "ಬೇಡ ಬ್ರದರ್, ಸಿಸ್ಟರೇ ತಗೊಳ್ಲಿ," ಎಂದರು. ಗಂಡಸರ ಸಾಲಿನಲ್ಲಿ ಇನ್ನೊಬ್ಬರು, "ಹೌದು ಹೌದು, ಅವರಿಗೇ ಇರ್ಲಿ ಬಿಡಿ, ಮಕ್ಳು ತಿನ್ಲಿ," ಎಂದರು. ಬೇಕೆಂದೇ ಯಾರೂ ಕೈ ಎತ್ತಲಿಲ್ಲ. ಕಷ್ಟದ ಮನೆ, ಆಸೆಪಟ್ಟು ಕೂಗಿದ್ದಾಳೆ, ನಾವು ಯಾಕೆ ಅಡ್ಡ ಬರಬೇಕು ಎಂದು ಕೈ ಕಟ್ಟಿಕೊಂಡು ಕೂತರು. ಹದಿನಾರು ವರ್ಷ ತಮಾಷೆ ಎಂದು ಗೊತ್ತಿದ್ದದ್ದು ಆ ಒಂದು ವರ್ಷ ಅವರಿಗೆ ನಿಜವಾಗಿ ಕೇಳಿಸಿತು. ಹಸಿದವರು ತಮಾಷೆ ಮಾಡುತ್ತಾರೆಂದು ಯಾರು ಅಂದುಕೊಳ್ಳುತ್ತಾರೆ?

"ಅಯ್ಯೋ, ಅವಳು ಸುಮ್ನೆ ಕೂಗಿದ್ದು ಸಾರ್, ಅವಳಿಗೆ ಹುಂಜ ಕಂಡ್ರೆ ಭಯ," ಎಂದರು ಯಜಮಾನರು. ಒಬ್ಬಿಬ್ಬರು ಮರ್ಯಾದೆಗೆ ನಕ್ಕರು. "ನೂರಾ ಐದು? ಯಾರಾದ್ರೂ? ನೂರಾ ಒಂದು?" ಹರಾಜು ಕೂಗುವವನು ಹಾಗೆ ಕೆಳಗೆ ಇಳಿದು ಬೇಡುವುದನ್ನು ನಾನು ನೋಡಿರಲಿಲ್ಲ. ನಾನು ಎದ್ದು, ನಾನು ಕೂಗೇ ಇಲ್ಲ ಎಂದು ಹೇಳಬೇಕು ಎಂದುಕೊಂಡೆ. ಹೇಳಿದರೆ ಏನಾಗುತ್ತಿತ್ತು? ಹೆಂಡತಿ ಕೂಗಿಲ್ಲ, ಗಂಡನೇ ಸುಳ್ಳು ಹೇಳಿ ಹುಂಜ ಹೊಡೆದುಕೊಳ್ಳಲು ನೋಡಿದ ಎಂದಾಗುತ್ತಿತ್ತು. ಕೂತೇ ಇದ್ದೆ.

ಕಾರ್ಯದರ್ಶಿ ಮೇಜಿನ ಹಿಂದಿನಿಂದ, "ಅಣ್ಣ, ಮೂರು ಸಲ ಹೇಳಿ ಮುಗ್ಸಿ, ಟೈಮಾಯ್ತು," ಎಂದರು.

ಯಜಮಾನರೇ ಹೇಳಬೇಕಾಯಿತು. ಒಂದು ಸಲ. ಎರಡು ಸಲ. ಮೂರನೆಯದನ್ನು ಹೇಳಿದ್ದು ಹೆಂಗಸರ ಸಾಲಿಗೆ ಕೇಳಿಸಲಿಲ್ಲ. ಹುಂಜವನ್ನು ಕಂಕುಳಿಗೆ ಸೇರಿಸಿ, ಇನ್ನೊಂದು ಕೈಯಲ್ಲಿ ಶರ್ಟಿನ ಜೇಬು ಮುಟ್ಟಿಕೊಂಡರು. ಆ ಜೇಬಿನಲ್ಲಿ ಏನೂ ಇಲ್ಲ ಎಂದು ಇಸ್ತ್ರಿ ಮಾಡಿದ ನನಗೆ ಗೊತ್ತು.

ನನ್ನ ಮುಂದೆ ಕೂತಿದ್ದ ಮುದುಕಿ, ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವರು, ಎದ್ದು ನಿಂತು ಪರ್ಸು ತೆಗೆದರು. "ಅವರೇನೂ ಕೊಡೋದು ಬೇಡ. ನಾವೆಲ್ಲ ಸೇರಿ ಹಾಕೋಣ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಕೂಡಲೇ ಹತ್ತು ಕೈ ಜೇಬಿಗೆ ಹೋದವು. ಯಾರೋ ಓಡಿ ಹೋಗಿ ಒಳಗಿನಿಂದ ಕಾಣಿಕೆ ಚೀಲ ತಂದರು. ಅದೇ ಮಖಮಲ್ ಚೀಲ. ಅದು ಸಾಲಿನಿಂದ ಸಾಲಿಗೆ ಹೋಯಿತು. ನಮ್ಮ ಸಾಲಿಗೆ ಬಂದಾಗ ಹಿಡಿದವರು ನನ್ನನ್ನು ದಾಟಿಸಿ ಪಕ್ಕದವರ ಮುಂದೆ ಹಿಡಿದರು. ದೊಡ್ಡವಳು ತಲೆ ತಗ್ಗಿಸಿ ಕೂತಳು. ಅವಳಿಗೆ ಆಗ ಹದಿನಾಲ್ಕು.

ಅವರು ಯಾರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನೂರಾ ಹತ್ತು ಕೂಗಿ ಹುಂಜ ಕಿತ್ತುಕೊಂಡು ಹೋಗುತ್ತಿದ್ದರು, ನಾವು ಬದುಕಿಕೊಳ್ಳುತ್ತಿದ್ದೆವು.

ಹರಾಜು ಅಲ್ಲಿಗೆ ಮುಗಿಯಲಿಲ್ಲ. ಬಾಳೆಗೊನೆ ಇತ್ತು, ಕೇಕುಗಳಿದ್ದವು, ತೆಂಗಿನಕಾಯಿ ರಾಶಿ ಇತ್ತು. ಯಜಮಾನರು ಒಂದೊಂದನ್ನೂ ಎತ್ತಿ ತೋರಿಸಿ, ಬಂದ ಬೆಲೆ ಕೂಗಿ, ಕೆಳಗಿಟ್ಟರು. ಒಂದು ತಮಾಷೆಯಿಲ್ಲ. ಕಾಲು ಕಟ್ಟಿದ ಹುಂಜ ಅವರ ಕಾಲ ಹತ್ತಿರವೇ ಬಿದ್ದಿತ್ತು.

ಮನೆಗೆ ನಡೆದು ಬಂದೆವು. ಅವರು ಹುಂಜ ಹಿಡಿದು ಮುಂದೆ, ಮಕ್ಕಳು ಹಿಂದೆ. ಕೆರೆ ಮೂಲೆಯ ಬೀಡಿ ಅಂಗಡಿಯವನು, "ಏನಣ್ಣಾ, ಯಾವ ಅಮ್ಮನಿಗೆ ಹುಂಜ? ನೀವೂ ಶುರು ಹಚ್ಕೊಂಡ್ರಾ?" ಎಂದು ನಕ್ಕ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾದ ಉತ್ತರ ಸಿಕ್ಕಿರುತ್ತಿತ್ತು. ಯಜಮಾನರು ತಲೆ ಎತ್ತಲಿಲ್ಲ. ಓಣಿಯೊಳಗೆ ಪಕ್ಕದ ಮನೆಯವಳು ಬಾಗಿಲಲ್ಲೇ ಇದ್ದಳು. "ಕ್ಯಾ ಅಕ್ಕಾ, ನಿಮ್ದು ದೇವ್ರು ಮುರ್ಗಾ ಕೊಟ್ರಾ? ನಮ್ದು ಮನೆಯವ್ರಿಗೆ ಹೇಳ್ತೀನಿ, ಕೊಯ್ದು ಕೊಡ್ತಾರೆ."

"ನಾಳೆ ನೋಡೋಣ," ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಯಜಮಾನರು ಹುಂಜವನ್ನು ನಲ್ಲಿಯ ಕಂಬಕ್ಕೆ ಕಟ್ಟಿದರು. ಮಕ್ಕಳು ಆಟಕ್ಕೆ ಹೋದ ಮೇಲೆ ಹೊಸಿಲ ಮೇಲೆ ಕೂತು ಹೇಳಿದರು. "ಇನ್ಮೇಲೆ ನಾನು ಅಲ್ಲಿಗೆ ಬರಲ್ಲ ಕಣೇ. ನೀನು ಹೋಗ್ಬೇಡ ಅನ್ನಲ್ಲ. ನನ್ನ ಕರೀಬೇಡ."

"ಜನ ತಪ್ಪು ತಿಳ್ಕೊಂಡ್ರು. ಅದಕ್ಕೆ ದೇವರನ್ನ ಬಿಡ್ತೀರಾ?"

"ಅವನೂ ಅಲ್ಲೇ ಇದ್ದ ಅಲ್ವಾ? ಅವನೂ ಕೈ ಎತ್ತಲಿಲ್ಲ."

ನಾನು ಕೇಳಿದ್ದು ಈ ಮನುಷ್ಯ ಆಲಯಕ್ಕೆ ಬರಲಿ, ಬಾಯಿ ಬಿಟ್ಟು ಮಾತಾಡಲಿ ಎಂದು. ಬಂದರು, ಬಾಯಿ ಬಿಟ್ಟರು. ಕೇಳಿದ್ದನ್ನು ಅಷ್ಟೇ ಅಳತೆಗೆ ಕೊಟ್ಟು ಮಿಕ್ಕಿದ್ದೆಲ್ಲ ತೆಗೆದುಕೊಂಡ. ಅವತ್ತು ಸಾಯಂಕಾಲ ಬೆಳ್ಳುಳ್ಳಿ ಸುಲಿಯುತ್ತ ನನಗೂ ಅನ್ನಿಸಿತು, ಇವರ ಜೊತೆ ನಾನೂ ಬಿಟ್ಟುಬಿಟ್ಟರೆ ಏನು? ಭಾನುವಾರ ಬೆಳಿಗ್ಗೆ ಇನ್ನೊಂದು ಮೂಟೆ ಸುಲಿಯಬಹುದು. ಕೂಲಿಯಾದರೂ ಬರುತ್ತದೆ.

ಅವರು ಹೇಳಿದ ಮಾತಿಗೆ ನಿಂತರು. ಮುಂದಿನ ವರ್ಷ ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಭಾನುವಾರದ ಪಾಳಿ ಬೇರೆಯವರಿಗೆ ಬೇಡ, ಇವರು ತಾವೇ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಊಟಕ್ಕೆ ಮುಂಚೆ ನಾನು ಪ್ರಾರ್ಥನೆ ಮಾಡುವಾಗ ಕೈ ತಟ್ಟೆಯ ಮೇಲೆ ಇಟ್ಟು ಮುಗಿಯುವ ತನಕ ಕಾಯುತ್ತಿದ್ದರು. ಕಣ್ಣು ಮುಚ್ಚುತ್ತಿರಲಿಲ್ಲ, ಆಮೆನ್ ಅನ್ನುತ್ತಿರಲಿಲ್ಲ. ದೊಡ್ಡವಳ ಮದುವೆಗೆ ಗೇಟಿನ ಹೊರಗೆ ನಿಂತು ಬಂದವರಿಗೆ ಕೈ ಮುಗಿದರು, ಒಳಗೆ ಅವಳ ಕೈ ಹಿಡಿದು ಕರೆದುಕೊಂಡು ಹೋದದ್ದು ನನ್ನ ತಮ್ಮ. ಆ ಮದುವೆಯಾಗಿ ಎಂಟು ವರ್ಷದ ಮೇಲೆ ಅವರು ಆ ಗೇಟು ದಾಟಿದರು, ಪೆಟ್ಟಿಗೆಯಲ್ಲಿ. ಅಯ್ಯನವರು ಬೇರೆಯವರು, ಹೊಸಬರು. ಇವರು ನಂಬಿಕೆಯಲ್ಲಿ ನಿದ್ರೆ ಹೋದರು ಎಂದು ಹೇಳಿದರು. ಅದು ನಿಜವೋ ಸುಳ್ಳೋ ಹೇಳಬೇಕಾದವರು ಅಯ್ಯನವರೂ ಅಲ್ಲ, ನಾನೂ ಅಲ್ಲ.

ನೀನು ಮಾತ್ರ ಹೇಗೆ ಹೋಗುತ್ತ ಇದ್ದೆ ಎಂದು ಚಿಕ್ಕವಳು ಈಗಲೂ ಕೇಳುತ್ತಾಳೆ. ಅವಳಿಗೆ ಅಪ್ಪನ ಕಡೆ ಮನಸ್ಸು. ದರ್ಶನವಾಯಿತು, ಧ್ವನಿ ಕೇಳಿಸಿತು ಎಂದೆಲ್ಲ ಹೇಳಲು ನನಗೆ ಬರುವುದಿಲ್ಲ. ಹರಾಜಾದ ಮಾರನೆಯ ಬೆಳಿಗ್ಗೆ ಏನು ಮಾಡಿದೆನೋ ಅದನ್ನು ಮಾತ್ರ ಹೇಳಬಲ್ಲೆ.

ಬೆಳಕು ಹರಿಯುವ ಮುಂಚೆ ಹುಂಜ ಕೂಗಿತು. ಓಣಿಗೆಲ್ಲ ಕೇಳುವ ಹಾಗೆ ಕೂಗಿತು. ಯಜಮಾನರು ಮಲಗಿದ್ದಲ್ಲೇ, "ಅದನ್ನ ಮುಗಿಸು," ಎಂದರು. ನಾನು ಯಾರನ್ನೂ ಕರೆಯಲಿಲ್ಲ. ನಲ್ಲಿಯ ಹತ್ತಿರ ಕಾಲಲ್ಲಿ ರೆಕ್ಕೆ ತುಳಿದು ನಾನೇ ಕೊಯ್ದೆ. ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತೆ. ಮಾಂಸ ಗಟ್ಟಿ, ಬೇಯಲು ಬಹಳ ಹೊತ್ತು ಹಿಡಿಯಿತು, ಸೀಮೆಎಣ್ಣೆಯೆಲ್ಲ ಅದಕ್ಕೇ ಆಯಿತು. ಬೆಳ್ಳುಳ್ಳಿ ಮಾತ್ರ ಬೇಕಾದಷ್ಟಿತ್ತು. ಮಕ್ಕಳು ತಿಂದು ಸ್ಕೂಲಿಗೆ ಹೋದರು. ಯಜಮಾನರ ಪಾಲನ್ನು ತಟ್ಟೆಗೆ ಹಾಕಿ, ಮುಚ್ಚಿ, ಪಕ್ಕದಲ್ಲಿಟ್ಟೆ. ತಿಂದರೋ ಇಲ್ಲವೋ ನಿಂತು ನೋಡಲಿಲ್ಲ.

ಹಬ್ಬದ ಮಾರನೆಯ ದಿನ ಹೆಂಗಸರು ಹೋಗಿ ದೇವಾಲಯ ಗುಡಿಸುವುದು ನಮ್ಮಲ್ಲಿ ರೂಢಿ. ಪೊರಕೆ ತೆಗೆದುಕೊಂಡು ಹೋದೆ. ಆಗಲೇ ನಾಲ್ಕೈದು ಜನ ಬಂದಿದ್ದರು. ಆ ನರ್ಸಮ್ಮ ಹತ್ತಿರ ಬಂದು, "ಇವತ್ತು ನೀನ್ಯಾಕಮ್ಮ ಬಂದೆ? ಮನೇಲಿರಬಾರದಾ, ನಾವು ನೋಡ್ಕೋತೀವಿ," ಎಂದರು.

"ನಮ್ಮ ಮನೆ ಗುಡಿಸಿಯೇ ಬಂದೆ," ಎಂದೆ.

ಪ್ರಾರ್ಥನೆ ಮಾಡಲಿಲ್ಲ. ಮಾಡಲು ಬಾಯಿ ಬರಲಿಲ್ಲ. ವೇದಿಯ ಮೆಟ್ಟಿಲಿನಿಂದ ಶುರುಮಾಡಿ ಬೆಂಚುಗಳ ಕೆಳಗೆ ಬಗ್ಗಿ ಬಗ್ಗಿ ಗುಡಿಸಿದೆ. ಕಬ್ಬಿನ ಸಿಪ್ಪೆ, ಬಾಡಿದ ಮಾವಿನೆಲೆ, ಕಾಗದದ ಹೂವು, ಮೊಟ್ಟೆಯ ಓಡು. ಆಮೇಲೆ ಅಂಗಳ. ನೆತ್ತಿ ಮೇಲೆ ಬಿಸಿಲು ಬರುವ ತನಕ ಗುಡಿಸಿದೆ. ಕಸವನ್ನೆಲ್ಲ ಗೋಣಿಗೆ ತುಂಬಿ ಗೇಟಿನ ಹೊರಗಿನ ತೊಟ್ಟಿಗೆ ಸುರಿದು, ಕೈ ತೊಳೆದುಕೊಂಡು, ಅಲ್ಲಿಂದಲೇ ಪುಲಿಕೇಶಿನಗರಕ್ಕೆ ಬೆಳ್ಳುಳ್ಳಿ ತರಲು ನಡೆದೆ.